ಕಿನ್‌ಟೇಲ್‌ನ ಐವರು ಅಕ್ಕತಂಗಿಯರು: ಲಾಖ್ ಡೂಯಿಖ್ ಮೇಲಿನ ಏಣಿನಲ್ಲಿ ಒಂದು ಇಡೀ ದಿನ

ಸ್ಕಾಟ್ಲೆಂಡಿನ ವಾಯವ್ಯದಲ್ಲಿ, ಸ್ಕೈ ದ್ವೀಪಕ್ಕೆ ಹೋಗುವ ಎ87 ಹೆದ್ದಾರಿ ಗ್ಲೆನ್ ಶೀಲ್ ಕಣಿವೆಯನ್ನು ಇಳಿದು ಲಾಖ್ ಡೂಯಿಖ್ ದಂಡೆಗೆ ಬರುತ್ತದೆ. ಇದು ಸಿಹಿನೀರಿನ ಸರೋವರವಲ್ಲ. ಬೆಟ್ಟಗಳ ನಡುವೆ ಒಳನುಗ್ಗಿದ ಕಡಲ ಚಾಚು. ಉಬ್ಬರ ಇಳಿತಗಳಿರುವ ಉಪ್ಪುನೀರು. ಕಣಿವೆ ಇಳಿಯುವಾಗ ಬಲಗಡೆಗೆ ಒಂದರ ಪಕ್ಕ ಒಂದು ಎದ್ದುನಿಂತ ಐದು ಶಿಖರಗಳೇ ಕಿನ್‌ಟೇಲ್‌ನ ಐವರು ಅಕ್ಕತಂಗಿಯರು. ಅವುಗಳ ನೆತ್ತಿಗಳನ್ನು ಜೋಡಿಸುವ ಏಣಿನ (ಬೆಟ್ಟದ ಕಿರಿದಾದ ಬೆನ್ನಿನ) ಮೇಲೆ ಪೂರ್ವದಿಂದ ಪಶ್ಚಿಮಕ್ಕೆ, ಅಂದರೆ ಕಡಲಿನತ್ತ ಮುಖಮಾಡಿ ನಡೆಯುವ ದಾರಿಯನ್ನು ಇಲ್ಲಿ ವಿವರಿಸುತ್ತೇನೆ.

ಗ್ಲಾಸ್ಗೋ, ಎಡಿನ್‌ಬರಾ, ಅಬರ್ಡೀನ್‌ಗಳಲ್ಲಿ ನೆಲೆಸಿರುವ ಕನ್ನಡಿಗರನ್ನೂ ಬೇಸಿಗೆ ರಜೆಗೆ ಅವರ ಮನೆಗೆ ಬರುವ ಚಾರಣಪ್ರಿಯರನ್ನೂ ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಇವರಲ್ಲಿ ಅನೇಕರು ಮೊದಲು ನೋಡುವುದು ಎತ್ತರದ ಅಂಕಿಯನ್ನು. ಅತಿ ಎತ್ತರದ ಸ್ಗೂರ್ ಊಅರನ್ 1067 ಮೀಟರ್. ಮುಳ್ಳಯ್ಯನಗಿರಿ 1930 ಮೀಟರ್ ಇದೆಯಲ್ಲ, ಇದೇನು ಮಹಾ ಎಂದು ಅನ್ನಿಸುವುದು ಸಹಜ. ಆದರೆ ಮುಳ್ಳಯ್ಯನಗಿರಿಯ ನೆತ್ತಿಯ ಹತ್ತಿರದವರೆಗೂ ರಸ್ತೆಯಿದೆ. ಇಲ್ಲಿ ನಡಿಗೆ ಶುರುವಾಗುವುದು ಸುಮಾರು 200 ಮೀಟರ್ ಎತ್ತರದಲ್ಲಿ, ಮುಗಿಯುವುದು ಕಡಲಮಟ್ಟದಲ್ಲಿ. ನಡುವೆ ಶಿಖರದಿಂದ ಶಿಖರಕ್ಕೆ ಇಳಿದು ಹತ್ತುವುದೆಲ್ಲ ಸೇರಿ ಒಟ್ಟು ಏರು ಸುಮಾರು 1500 ಮೀಟರ್. ಕುಕ್ಕೆಯಿಂದ ಕುಮಾರ ಪರ್ವತ ಹತ್ತಿದವರಿಗೆ ಆ ಏರು ಎಷ್ಟೆಂದು ಕಾಲಿಗೆ ಗೊತ್ತಿರುತ್ತದೆ. ಇದೂ ಹೆಚ್ಚುಕಡಿಮೆ ಅಷ್ಟೇ. ವ್ಯತ್ಯಾಸವೆಂದರೆ ಇಲ್ಲಿ ನಡುದಾರಿಯಲ್ಲಿ ಊಟ ಹಾಕುವ ಭಟ್ಟರ ಮನೆ ಇಲ್ಲ, ಮರದ ನೆರಳಿಲ್ಲ, ಏಣಿನ ಮೇಲೆ ನೀರೂ ಇಲ್ಲ.

ಈ ದಾರಿಯ ನಿಜವಾದ ಕಷ್ಟ ಇರುವುದು ಎತ್ತರದಲ್ಲಲ್ಲ, ಒಮ್ಮೆ ಏಣನ್ನೇರಿ ಮುಂದುವರಿದ ಮೇಲೆ ನಡುವೆ ಇಳಿಯಲು ಒಳ್ಳೆಯ ಜಾಗವಿಲ್ಲ ಎಂಬುದರಲ್ಲಿ. ಎರಡೂ ಬದಿ ಕಡಿದಾದ ಹುಲ್ಲು, ಬಂಡೆ, ಕೊರಕಲು. ಹಾಗಾಗಿ ಮುಂದೆ ಹೋಗಬೇಕೇ ಬೇಡವೇ ಎಂಬ ತೀರ್ಮಾನವನ್ನು ಬೆಳಿಗ್ಗೆಯೇ, ಮೊದಲ ಏರು ಮುಗಿದ ತಗ್ಗಿನಲ್ಲಿ (ಎರಡು ಶಿಖರಗಳ ನಡುವೆ ಏಣು ತಗ್ಗಿದ ಜಾಗದಲ್ಲಿ) ನಿಂತು ಮಾಡಬೇಕು. ಮುಂದೆ ಹೇಳುವ ಸಿದ್ಧತೆಯೆಲ್ಲ ಆ ಒಂದು ತೀರ್ಮಾನವನ್ನು ಸರಿಯಾಗಿ ಮಾಡುವುದಕ್ಕಾಗಿ.

ಯಾವಾಗ ಹೋಗಬೇಕು

ಮೇ ಮತ್ತು ಜೂನ್ ಎಲ್ಲಕ್ಕಿಂತ ಒಳ್ಳೆಯದು. ಜೂನ್ ಮಧ್ಯದಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ, ಆದ್ದರಿಂದ ನಿಧಾನವಾಗಿ ನಡೆಯುವವರೂ ಆತಂಕವಿಲ್ಲದೆ ಮುಗಿಸಬಹುದು. ಸೆಪ್ಟೆಂಬರ್ ಕೂಡ ಚೆನ್ನ. ಹುಲ್ಲು ಕೆಂಚಾಗಿರುತ್ತದೆ, ಆದರೆ ಹಗಲು ಕುಗ್ಗುತ್ತಿರುತ್ತದೆ. ಜುಲೈ, ಆಗಸ್ಟ್‌ನಲ್ಲಿ ಮಿಜ್ ಎಂಬ ನುಸಿಯ ಕಾಟ ಜೋರು. ಗಾಳಿಯಿರುವ ಏಣಿನ ಮೇಲೆ ಅದು ನಿಲ್ಲಲಾರದು. ಕೆಳಗೆ ಕಾರಿನ ಬಳಿ ಬೂಟು ಕಟ್ಟುವಾಗ ಮಾತ್ರ ಮುತ್ತಿಕೊಳ್ಳುತ್ತದೆ. ತಲೆಗೆ ಹಾಕುವ ಸಣ್ಣ ಬಲೆಯೊಂದು ಚೀಲದಲ್ಲಿರಲಿ.

ನವೆಂಬರ್‌ನಿಂದ ಏಪ್ರಿಲ್‌ವರೆಗೆ ಈ ಏಣು ಬೇರೆಯೇ ಆಗಿಬಿಡುತ್ತದೆ. ಹಿಮಗೊಡಲಿ, ಬೂಟಿಗೆ ಕಟ್ಟುವ ಉಕ್ಕಿನ ಹಲ್ಲುಗಳು, ಏಣಿನ ಅಂಚಿನಿಂದ ಹೊರಚಾಚಿದ ಹಿಮದ ಗುರುತು ಹಿಡಿಯುವ ಕಣ್ಣು ಬೇಕು. ಆ ತರಬೇತಿ ಪಡೆಯದವರು ಚಳಿಗಾಲದಲ್ಲಿ ಇದನ್ನು ಕೆಳಗಿನಿಂದ ನೋಡಿ ಸಂತೋಷಪಡಬೇಕು. ಈ ಲೇಖನ ಹಿಮವಿಲ್ಲದ ತಿಂಗಳುಗಳಿಗೆ ಮಾತ್ರ.

ಹೊರಡುವ ಮೊದಲು

ಹವಾಮಾನ ನೋಡುವಾಗ ಮೊಬೈಲಿನಲ್ಲಿ ಹತ್ತಿರದ ಊರಿನ ಹೆಸರು ಹಾಕಿ ಬರುವ ಮುನ್ಸೂಚನೆಯನ್ನು ನೆಚ್ಚಬೇಡಿ. ಅದು ಕಡಲಮಟ್ಟದ ಮಾತು. ಬೆಟ್ಟದವರಿಗೆಂದೇ ಮೌಂಟನ್ ವೆದರ್ ಇನ್‌ಫರ್ಮೇಶನ್ ಸರ್ವಿಸ್ ಎಂಬ ಸೇವೆಯಿದೆ; ಅದರಲ್ಲಿ ವಾಯವ್ಯ ಹೈಲ್ಯಾಂಡ್ಸ್ ಪುಟವನ್ನು ಹಿಂದಿನ ಸಂಜೆ ಓದಿ. ಮೊದಲು ನೋಡಬೇಕಾದದ್ದು ಮಳೆಯನ್ನಲ್ಲ, ಗಾಳಿಯನ್ನು. ಮಳೆಯಲ್ಲಿ ನಡೆಯಬಹುದು. ಗಂಟೆಗೆ 60 ಕಿಲೋಮೀಟರಿಗಿಂತ ಹೆಚ್ಚಿನ ಗಾಳಿಯಲ್ಲಿ ಕಿರಿದಾದ ಏಣಿನ ಮೇಲೆ ಕಾಲು ನೆಟ್ಟಗೆ ಬೀಳುವುದಿಲ್ಲ. ಎರಡನೆಯದಾಗಿ ನೋಡಬೇಕಾದದ್ದು ಮೋಡದ ತಳ ಎಷ್ಟು ಎತ್ತರದಲ್ಲಿದೆ ಎಂಬುದನ್ನು. ಅದು 700 ಮೀಟರಿನಲ್ಲಿದೆ ಎಂದಾದರೆ ದಿನವಿಡೀ ಕಾವಳದೊಳಗೆ ನಡೆಯಬೇಕಾಗುತ್ತದೆ. ನಕ್ಷೆ, ದಿಕ್ಸೂಚಿಗಳಲ್ಲಿ ಕೈ ಪಳಗಿಲ್ಲದವರು ಅಂಥ ದಿನ ಹೋಗಲೇಬಾರದು.

ಚಳಿಯ ಲೆಕ್ಕ ಹೀಗೆ. ಎತ್ತರ ಸಾವಿರ ಮೀಟರ್ ಹೆಚ್ಚಿದರೆ ತಾಪಮಾನ ಆರೇಳು ಡಿಗ್ರಿ ಇಳಿಯುತ್ತದೆ. ದಂಡೆಯಲ್ಲಿ 14 ಡಿಗ್ರಿ ಇದ್ದರೆ ನೆತ್ತಿಯಲ್ಲಿ ಏಳರ ಆಸುಪಾಸು. ಅದಕ್ಕೆ 50 ಕಿಲೋಮೀಟರ್ ವೇಗದ ಗಾಳಿ ಸೇರಿದರೆ ಮೈಗೆ ತಟ್ಟುವ ಚಳಿ ಒಂದೆರಡು ಡಿಗ್ರಿಯದು. ಇದು ಜೂನ್ ತಿಂಗಳ ಮಾತು. ಆದ್ದರಿಂದ ಜೀನ್ಸ್, ಹತ್ತಿಯ ಅಂಗಿ ಬೇಡ. ಒದ್ದೆಯಾದ ಹತ್ತಿ ಮೈಯ ಬಿಸಿಯನ್ನೆಲ್ಲ ಹೀರುತ್ತದೆ. ಬೇಗ ಒಣಗುವ ಒಳ ಅಂಗಿ, ಮೇಲೊಂದು ಉಣ್ಣೆಯದೋ ಫ್ಲೀಸ್‌ನದೋ ಪದರ, ನೀರು ನುಗ್ಗದ ಜಾಕೆಟ್ ಮತ್ತು ಪ್ಯಾಂಟು, ಟೋಪಿ, ಕೈಗವಸು ಇರಲಿ. ಅಟ್ಟೆಗೆ ಒಳ್ಳೆಯ ಹಿಡಿತವಿರುವ, ಕಣಕಾಲನ್ನು ಮುಚ್ಚುವ ಬೂಟು. ಇಲ್ಲಿ ಒದ್ದೆ ಹುಲ್ಲು ಬಂಡೆಗಿಂತ ಹೆಚ್ಚು ಜಾರುತ್ತದೆ.

ನಕ್ಷೆ ಕಾಗದದ್ದೇ ಬೇಕು. ಆರ್ಡ್‌ನೆನ್ಸ್ ಸರ್ವೇಯ ಲ್ಯಾಂಡ್‌ರೇಂಜರ್ 33ನೆಯ ಹಾಳೆಯಲ್ಲಿ ಇಡೀ ದಾರಿ ಸಿಗುತ್ತದೆ. ಮೊಬೈಲಿನಲ್ಲೂ ನಕ್ಷೆ ಇಟ್ಟುಕೊಳ್ಳಿ, ಆದರೆ ಚಳಿಗೆ ಬ್ಯಾಟರಿ ಬೇಗ ಬರಿದಾಗುತ್ತದೆ, ಒದ್ದೆ ಬೆರಳಿಗೆ ಪರದೆ ಸ್ಪಂದಿಸುವುದಿಲ್ಲ. ಇಲ್ಲಿನ ಗೇಲಿಕ್ ಭಾಷೆಯ ಹೆಸರುಗಳನ್ನು ನಾನು ಉಚ್ಚಾರಣೆಗೆ ಹತ್ತಿರವಾಗಿ ಬರೆದಿದ್ದೇನೆ. ಕಾಗುಣಿತ ಬಹಳ ಬೇರೆಯಾಗಿರುವುದರಿಂದ ನಕ್ಷೆಯಲ್ಲಿ ಅವುಗಳನ್ನು ಎತ್ತರದ ಅಂಕಿಯ ಮೂಲಕ ಗುರುತಿಸುವುದು ಸುಲಭ.

ತಲೆಗೆ ಕಟ್ಟುವ ಟಾರ್ಚ್, ಸೀಟಿ, ಸಣ್ಣ ಪ್ರಥಮ ಚಿಕಿತ್ಸೆಯ ಪೊಟ್ಟಣ, ಒಬ್ಬೊಬ್ಬರಿಗೂ ಎರಡೂವರೆ ಲೀಟರ್ ನೀರು. ತಿನ್ನಲು ಕೈಯಲ್ಲಿ ಹಿಡಿದು ನಡೆಯುತ್ತಲೇ ಮುಗಿಸುವಂಥದ್ದು ಇರಲಿ. ಚಟ್ನಿಪುಡಿ ತುಪ್ಪ ಸವರಿ ಸುತ್ತಿದ ಚಪಾತಿ, ಶೇಂಗಾ ಚಿಕ್ಕಿ, ಖರ್ಜೂರ ಇವು ಇಲ್ಲಿನ ಅಂಗಡಿಯ ಸ್ಯಾಂಡ್‌ವಿಚ್‌ಗಿಂತ ಚೆನ್ನಾಗಿ ಬಾಳುತ್ತವೆ. ಸಸ್ಯಾಹಾರಿಗಳು ಎಲ್ಲವನ್ನೂ ಇನ್ವರ್ನೆಸ್ ಅಥವಾ ಫೋರ್ಟ್ ವಿಲಿಯಂನಲ್ಲೇ ಕೊಂಡುಬಿಡುವುದು ಕ್ಷೇಮ.

ಅನುಮತಿಯ ವಿಷಯ. ಕರ್ನಾಟಕದಲ್ಲಿ ಅರಣ್ಯ ಇಲಾಖೆಯ ಪರವಾನಗಿ, ಶುಲ್ಕ, ತನಿಖಾ ಠಾಣೆಗಳಿಗೆ ಒಗ್ಗಿದವರಿಗೆ ಇಲ್ಲಿ ಅಚ್ಚರಿಯಾಗುತ್ತದೆ. 2003ರ ಭೂಸುಧಾರಣಾ ಕಾಯ್ದೆ ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿ ಜವಾಬ್ದಾರಿಯಿಂದ ನಡೆಯುವ ಹಕ್ಕನ್ನು ಎಲ್ಲರಿಗೂ ಕೊಟ್ಟಿದೆ. ಟಿಕೆಟ್ ಇಲ್ಲ, ಗೇಟಿಲ್ಲ, ಕಡ್ಡಾಯ ಮಾರ್ಗದರ್ಶಕನಿಲ್ಲ. ಕಿನ್‌ಟೇಲ್‌ನ ಈ ಬೆಟ್ಟಗಳನ್ನು ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ 1944ರಲ್ಲಿ ಕೊಂಡುಕೊಂಡಿತು. ಹಣ ಒದಗಿಸಿದವರು ಪರ್ವತಾರೋಹಿ ಪರ್ಸಿ ಅನ್ನಾ. ಬೆಟ್ಟಗಳು ಇದ್ದ ಹಾಗೆಯೇ ಇರಬೇಕು, ಅವುಗಳನ್ನು ಏರುವುದನ್ನು ಸುಲಭಗೊಳಿಸಬಾರದು, ಫಲಕ ನೆಡಬಾರದು, ಬಂಡೆಗೆ ಬಣ್ಣ ಬಳಿಯಬಾರದು ಎಂಬುದು ಅವರು 1937ರಲ್ಲಿ ಬರೆದಿಟ್ಟ ನಿಲುವು. ಆದ್ದರಿಂದಲೇ ಏಣಿನ ಮೇಲೆ ಒಂದೂ ಬಾಣದ ಗುರುತು ಕಾಣುವುದಿಲ್ಲ. ನನಗೆ ಈ ನಿಲುವಿನ ಮೇಲೆ ದೊಡ್ಡ ಗೌರವವಿದೆ.

ಆದರೆ ಗೇಟಿಲ್ಲ ಎಂದರೆ ಹತ್ತಿದವರು ಇಳಿದರೇ ಎಂದು ಎಣಿಸುವವರೂ ಇಲ್ಲ. ಆ ಕೆಲಸ ನೀವೇ ಯಾರಿಗಾದರೂ ಒಪ್ಪಿಸಬೇಕು. ಎಲ್ಲಿಂದ ಹತ್ತುತ್ತೀರಿ, ಎಲ್ಲಿ ಇಳಿಯುತ್ತೀರಿ, ಕಾರು ಎಲ್ಲಿದೆ, ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಪೊಲೀಸರಿಗೆ ಹೇಳಬೇಕು, ಇವನ್ನು ಬರೆದು ಮನೆಯಲ್ಲಿರುವವರಿಗೋ ತಂಗಿರುವ ಹಾಸ್ಟೆಲಿನವರಿಗೋ ಕೊಡಿ. ಅಪಾಯವಾದರೆ 999ಕ್ಕೆ ಕರೆ ಮಾಡಿ ಮೊದಲು ಪೊಲೀಸ್, ಅನಂತರ ಮೌಂಟನ್ ರೆಸ್ಕ್ಯೂ ಎಂದು ಕೇಳಬೇಕು. ಕರೆ ಹೋಗದ ಕಡೆ ಎಸ್ಸೆಮ್ಮೆಸ್ ಕೆಲವೊಮ್ಮೆ ಹೋಗುತ್ತದೆ. ಅದಕ್ಕಾಗಿ ಮನೆಯಲ್ಲಿರುವಾಗಲೇ ರಿಜಿಸ್ಟರ್ ಎಂಬ ಪದವನ್ನು ಇಂಗ್ಲಿಷಿನಲ್ಲಿ 999ಕ್ಕೆ ಕಳುಹಿಸಿ ನೋಂದಾಯಿಸಿಕೊಳ್ಳಿ. ಸೀಟಿಯ ಸಂಕೇತ: ಒಂದು ನಿಮಿಷದಲ್ಲಿ ಆರು ಸಲ, ಒಂದು ನಿಮಿಷ ಬಿಡುವು, ಮತ್ತೆ ಆರು. ನೆರವಿಗೆ ಬರುವವರು ಸ್ಥಳೀಯ ಸ್ವಯಂಸೇವಕರು, ಹಣ ಪಡೆಯುವುದಿಲ್ಲ.

ಕಾರು ಎಲ್ಲಿರಬೇಕು

ದಾರಿ ಸುಮಾರು 12 ಕಿಲೋಮೀಟರ್. ಹತ್ತುವ ಜಾಗ ಒಂದು, ಇಳಿಯುವ ಜಾಗ ಇನ್ನೊಂದು. ನಡುವೆ ಹೆದ್ದಾರಿಯಲ್ಲಿ ಎಂಟೊಂಬತ್ತು ಕಿಲೋಮೀಟರ್. ಸಂಜೆ ದಣಿದ ಕಾಲಿನಲ್ಲಿ ಲಾರಿಗಳು ಓಡುವ ಎ87ರ ಅಂಚಿನಲ್ಲಿ ಅಷ್ಟು ದೂರ ನಡೆಯುವುದು ಈ ಇಡೀ ದಿನದ ಅತ್ಯಂತ ಅಪಾಯಕಾರಿ ಕೆಲಸ. ಎರಡು ಕಾರುಗಳಿದ್ದರೆ ಒಂದೊಂದು ತುದಿಗೆ ಒಂದೊಂದು. ಒಂದೇ ಇದ್ದರೆ ಅದನ್ನು ಇಳಿಯುವ ಕಡೆ, ಅಂದರೆ ದಂಡೆಯ ಹಳ್ಳಿಯ ಬಳಿ ನಿಲ್ಲಿಸಿ, ಬೆಳಿಗ್ಗೆ ಟ್ಯಾಕ್ಸಿಯಲ್ಲಿ ಮೇಲಕ್ಕೆ ಹೋಗಿ. ಹಾಗೆ ಮಾಡಿದರೆ ಸಂಜೆ ಯಾವ ಗಡಿಯಾರವೂ ನಿಮ್ಮನ್ನು ಓಡಿಸುವುದಿಲ್ಲ. ಗ್ಲಾಸ್ಗೋ, ಇನ್ವರ್ನೆಸ್‌ಗಳಿಂದ ಸ್ಕೈಗೆ ಹೋಗುವ ಸಿಟಿಲಿಂಕ್ ಬಸ್ಸುಗಳು ಇದೇ ರಸ್ತೆಯಲ್ಲಿ ಸಾಗುತ್ತವೆ, ಆದರೆ ದಿನಕ್ಕೆ ಕೆಲವೇ. ಏರು ಶುರುವಾಗುವ ಕಡೆ ನಿಲ್ಲಿಸುತ್ತಾರೆಯೇ ಎಂದು ಮೊದಲೇ ವಿಚಾರಿಸಿಕೊಳ್ಳಬೇಕು.

ಮೊದಲ ಹೆಜ್ಜೆ: ಬ್ಯಾಲಖ್ ಅನ್ ಲಾಪನ್‌ವರೆಗೆ

ಗ್ಲೆನ್ ಶೀಲ್‌ನ ನಡುಭಾಗದಲ್ಲಿ, ರಸ್ತೆಯ ಉತ್ತರಕ್ಕೆ, ನೆಡುತೋಪಿನ ಬಳಿ ಕಾರು ನಿಲ್ಲಿಸುವ ಜಾಗವಿದೆ. ಏಳೂವರೆಯೊಳಗೆ ಇಲ್ಲಿಂದ ಹೊರಡಿ. ಕಾಲುದಾರಿ ನೇರವಾಗಿ ಬೆಟ್ಟದ ಮೈಯನ್ನು ಏರುತ್ತದೆ. ತಿರುವಿಲ್ಲ, ಸಮತಟ್ಟಿಲ್ಲ, 500 ಮೀಟರಿಗೂ ಹೆಚ್ಚು ಒಂದೇ ಉಸಿರಿನ ಏರು. ಮಳೆಯ ಮರುದಿನ ಜೌಗು, ಕೆಸರು. ಇಲ್ಲಿ ವೇಗ ತೋರಿಸಬೇಡಿ. ಪಕ್ಕದವರೊಡನೆ ಮಾತನಾಡುತ್ತ ನಡೆಯಲು ಸಾಧ್ಯವಾಗುವಷ್ಟು ನಿಧಾನವಾಗಿ, ನಿಲ್ಲದೆ ಹತ್ತಿ. ಬೆವರು ಬರುವ ಮೊದಲೇ ಜಾಕೆಟ್ ಬಿಚ್ಚಿ. ತಗ್ಗು ತಲುಪಿದ ಕೂಡಲೇ ಹಾಕಿಕೊಳ್ಳಿ.

ಸುಮಾರು 720 ಮೀಟರ್ ಎತ್ತರದ ಈ ತಗ್ಗೇ ಬ್ಯಾಲಖ್ ಅನ್ ಲಾಪನ್. ಎದುರಿಗೆ ಕೆಳಗೆ ಗ್ಲೆನ್ ಲಿಖ್ ಕಣಿವೆ, ಅದರಾಚೆ ಬೇನ್ ಅಡಾ ಎಂಬ ದೊಡ್ಡ ಬೆಟ್ಟ ಕಾಣುತ್ತದೆ. ಕುಳಿತು ತಿನ್ನಿ, ಗಡಿಯಾರ ನೋಡಿ. 1892ರಲ್ಲಿ ವಿಲಿಯಂ ನೇಸ್ಮಿತ್ ಎಂಬ ಸ್ಕಾಟಿಷ್ ಪರ್ವತಾರೋಹಿ ಕೊಟ್ಟ ಸೂತ್ರವೊಂದಿದೆ. ಈಗಿನ ಅಳತೆಯಲ್ಲಿ ಹೇಳುವುದಾದರೆ ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಅದರ ಪ್ರಕಾರ ಈ ದಾರಿಗೆ ಸುಮಾರು ಐದು ಗಂಟೆ. ಆದರೆ ಆ ಸೂತ್ರದಲ್ಲಿ ಕಲ್ಲುರಾಶಿಯ ಇಳಿಜಾರು, ಊಟ, ಸುಸ್ತು ಯಾವುದೂ ಸೇರಿಲ್ಲ. ಒಂಬತ್ತು ಗಂಟೆ ಎಂದು ಇಟ್ಟುಕೊಳ್ಳಿ. ಈ ಮೊದಲ ಏರಿಗೆ ನಿಮಗೆ ಎರಡು ಗಂಟೆಗಿಂತ ಬಹಳ ಹೆಚ್ಚು ಹಿಡಿದಿದ್ದರೆ, ಅಥವಾ ತಗ್ಗಿನಲ್ಲೇ ಗಾಳಿಗೆ ಮೈ ತೂಗುತ್ತಿದ್ದರೆ, ಅಥವಾ ಗುಂಪಿನಲ್ಲಿ ಒಬ್ಬರಿಗಾದರೂ ಮಂಡಿ ನೋಯುತ್ತಿದ್ದರೆ, ಬಂದ ದಾರಿಯಲ್ಲೇ ಇಳಿಯಿರಿ. ಹಾಗೆ ಇಳಿದವರಿಗೆ ಆ ದಿನ ವ್ಯರ್ಥವಾಗದು: ದಂಡೆಯಾಚೆಯ ರಾಟಗನ್ ಕಣಿವೆದಾರಿಯ ಮೇಲಿನಿಂದ ಐದೂ ಶಿಖರಗಳು ಲಾಖ್ ಡೂಯಿಖ್‌ನ ನೀರಿನ ಮೇಲೆ ಸಾಲಾಗಿ ಕಾಣುತ್ತವೆ, ಅಲ್ಲಿಗೆ ಕಾರೇ ಹೋಗುತ್ತದೆ.

ಸ್ಪೇನಿನ ಸೈನಿಕರ ಶಿಖರ

ಮುಂದುವರಿಯುವುದಾದರೆ ಎಡಕ್ಕೆ, ಪಶ್ಚಿಮಕ್ಕೆ ತಿರುಗಿ. ಹುಲ್ಲಿನ ಏಣಿನ ಮೇಲೆ ಬೇನ್ ಓವರ್ (878 ಮೀ.) ದಾಟಿ ಸ್ಗೂರ್ ನನ್ ಸ್ಪಾಂಚಖ್ (990 ಮೀ.) ತಲುಪುತ್ತೀರಿ. ಇದು ಐವರಲ್ಲಿ ಒಬ್ಬಳಲ್ಲ, ಆದರೆ ಹೆಸರಿಗೊಂದು ಚರಿತ್ರೆಯಿದೆ. 1719ರ ಜೂನ್ 10ರಂದು ಈ ಇಳಿಜಾರುಗಳ ಕೆಳಗೇ ಗ್ಲೆನ್ ಶೀಲ್ ಕಾಳಗ ನಡೆಯಿತು. ಪದಚ್ಯುತ ಸ್ಟುವರ್ಟ್ ವಂಶದ ಪರ ನಿಂತ ಜಾಕೊಬೈಟರ ಜೊತೆ ಸ್ಪೇನ್ ಕಳುಹಿಸಿದ ಇನ್ನೂರಕ್ಕೂ ಹೆಚ್ಚು ಸೈನಿಕರಿದ್ದರು. ಸರ್ಕಾರಿ ಸೇನೆ ಗೆದ್ದಿತು. ಸೋತವರು ಹಿಮ್ಮೆಟ್ಟಿದ್ದು ಈ ಬೆಟ್ಟದ ಮೇಲಕ್ಕೆ. ಅದಕ್ಕೆ ಒಂದು ತಿಂಗಳ ಹಿಂದೆಯಷ್ಟೇ ಲಾಖ್ ಡೂಯಿಖ್‌ನ ಬಾಯಲ್ಲಿರುವ ಐಲನ್ ಡೋನನ್ ಕೋಟೆಯನ್ನು ನೌಕಾಪಡೆ ಫಿರಂಗಿಗಳಿಂದ ಹೊಡೆದು ವಶಪಡಿಸಿಕೊಂಡು, ಮದ್ದಿಟ್ಟು ಉರುಳಿಸಿತ್ತು. ಇಂದು ಪ್ರವಾಸಿಗರು ಫೋಟೊ ತೆಗೆಯುವ ಕೋಟೆ ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮತ್ತೆ ಕಟ್ಟಿದ್ದು.

ಈ ನೆತ್ತಿಯಿಂದ ಪಶ್ಚಿಮಕ್ಕೆ ಇಳಿಯುವಾಗ ದಾರಿಯ ಏಕೈಕ ಬಂಡೆಮೆಟ್ಟಿಲು ಸಿಗುತ್ತದೆ. ಕೆಲವು ಮೀಟರ್ ಮಾತ್ರ, ಕೈಯಾಸರೆ ಚೆನ್ನಾಗಿದೆ; ಬಂಡೆಗೆ ಮುಖಮಾಡಿ, ಕೋಲುಗಳನ್ನು ಚೀಲಕ್ಕೆ ಕಟ್ಟಿ, ಒಬ್ಬೊಬ್ಬರಾಗಿ ಇಳಿಯಿರಿ. ಒದ್ದೆಯಿದ್ದರೆ ಇನ್ನೂ ನಿಧಾನ.

ಮೂರು ಮನ್ರೋಗಳು

1891ರಲ್ಲಿ ಹ್ಯೂ ಮನ್ರೋ 3000 ಅಡಿಗಿಂತ (914 ಮೀ.) ಎತ್ತರದ ಸ್ಕಾಟಿಷ್ ಬೆಟ್ಟಗಳ ಪಟ್ಟಿ ಮಾಡಿದರು. ಉಪಶಿಖರಗಳನ್ನು ಬಿಟ್ಟು ಪ್ರತ್ಯೇಕ ಬೆಟ್ಟಗಳೆಂದು ಎಣಿಸಿದವಕ್ಕೆ ಮನ್ರೋ ಎಂದೇ ಹೆಸರು, ಇಂದು ಅವು 282 ಇವೆ. ಐವರು ಅಕ್ಕತಂಗಿಯರಲ್ಲಿ ಮೂವರು ಅವುಗಳಲ್ಲಿದ್ದಾರೆ.

ಮೊದಲನೆಯದು ಸ್ಗೂರ್ ನ ಕಿಶ್ಚೆ ಡುಯ, 1027 ಮೀಟರ್. ಕಲ್ಲುಗಳ ನೆತ್ತಿ. ಇಲ್ಲಿಂದ ಏಣು ವಾಯವ್ಯಕ್ಕೆ ತಿರುಗುತ್ತದೆ. ಕಾವಳವಿದ್ದರೆ ದಿಕ್ಸೂಚಿ ಹಿಡಿದೇ ಹೊರಡಿ, ಏಕೆಂದರೆ ದಕ್ಷಿಣದ ಇಳಿಜಾರು ನೇರವಾಗಿ ಗ್ಲೆನ್ ಶೀಲ್‌ಗೆ ಕಡಿದಾಗಿ ಬೀಳುತ್ತದೆ. ಸುಮಾರು 850 ಮೀಟರಿನ ತಗ್ಗಿಗಿಳಿದು ಮತ್ತೆ 150 ಮೀಟರ್ ಹತ್ತಿದರೆ ಸ್ಗೂರ್ ನ ಕಾರ್ನಖ್ (1002 ಮೀ.). 1997ರ ಪರಿಷ್ಕರಣೆಯಲ್ಲಷ್ಟೇ ಇದಕ್ಕೆ ಮನ್ರೋ ಪಟ್ಟ ಸಿಕ್ಕಿತು. ಹಿಂದಿರುಗುವ ಯೋಚನೆಯಿದ್ದರೆ ಕಿಶ್ಚೆ ಡುಯದಲ್ಲೇ ಹಿಂದಿರುಗಿ. ಕಾರ್ನಖ್ ದಾಟಿದ ಮೇಲೆ ಹಿಂದೆ ಹೋಗುವುದಕ್ಕಿಂತ ಮುಂದೆ ಹೋಗುವುದೇ ಹೆಚ್ಚು ಸಲೀಸು.

ಮತ್ತೊಂದು ತಗ್ಗು, ಮತ್ತೆ ಸುಮಾರು 200 ಮೀಟರ್ ಏರು. ಮಧ್ಯಾಹ್ನದ ಈ ಏರು ಕಾಲಿಗೂ ಮನಸ್ಸಿಗೂ ಭಾರ. ಮುಗಿದಾಗ ಸ್ಗೂರ್ ಊಅರನ್. ಇಲ್ಲಿ ಅರ್ಧ ಗಂಟೆಯಾದರೂ ಕುಳಿತುಕೊಳ್ಳಿ. ತಿಳಿಯಾದ ದಿನ ಪಶ್ಚಿಮದಲ್ಲಿ ಸ್ಕೈ ದ್ವೀಪದ ಕೂಲಿನ್ ಶಿಖರಗಳ ಹಲ್ಲುಸಾಲು, ದಕ್ಷಿಣಕ್ಕೆ ಕಣಿವೆಯಾಚೆ ಸ್ಯಾಡಲ್ ಬೆಟ್ಟ, ಬಹುದೂರದಲ್ಲಿ ಬೆನ್ ನೆವಿಸ್, ಕಾಲ ಕೆಳಗೆ ಸಾವಿರ ಮೀಟರ್ ಆಳದಲ್ಲಿ ಲಾಖ್ ಡೂಯಿಖ್. ಅಕ್ಕತಂಗಿಯರ ಕತೆ ಹುಟ್ಟಿದ್ದೂ ಆ ನೀರಿನಿಂದಲೇ. ಬಿರುಗಾಳಿಗೆ ಸಿಕ್ಕಿ ದಡಸೇರಿದ ಇಬ್ಬರು ಐರ್ಲೆಂಡಿನ ರಾಜಕುಮಾರರು ಏಳು ಮಂದಿ ಅಕ್ಕತಂಗಿಯರಲ್ಲಿ ಕೊನೆಯ ಇಬ್ಬರನ್ನು ಮೆಚ್ಚಿದರು. ಅಕ್ಕಂದಿರ ಮದುವೆಯಾಗದೆ ತಂಗಿಯರನ್ನು ಕೊಡಲಾರೆನೆಂದ ತಂದೆಯ ಮಾತನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಐವರು ಅಣ್ಣಂದಿರನ್ನು ಕಳುಹಿಸುತ್ತೇವೆ ಎಂದು ಮಾತುಕೊಟ್ಟು ತಂಗಿಯರನ್ನು ಕರೆದೊಯ್ದರು. ಅಣ್ಣಂದಿರು ಬರಲೇ ಇಲ್ಲ. ಕಾಯುತ್ತ ಮುಪ್ಪಾಗಬಾರದೆಂದು ಮಾಂತ್ರಿಕನೊಬ್ಬ ಐವರನ್ನೂ ಬೆಟ್ಟಗಳನ್ನಾಗಿ ಮಾಡಿದ.

ಎದ್ದು ಹೊರಡುವಾಗ ಎಚ್ಚರ. ಈ ಶಿಖರದಿಂದ ಪಶ್ಚಿಮಕ್ಕೆ ಉದ್ದನೆಯ, ಕಣ್ಣಿಗೆ ಹಿತವಾದ ಹುಲ್ಲಿನ ಏಣೊಂದು ಕಣಿವೆಯವರೆಗೂ ಇಳಿಯುತ್ತದೆ. ದಣಿದವರನ್ನು ಅದು ಕರೆಯುತ್ತದೆ. ಒಂಬೈನೂರು ಮೀಟರಿಗೂ ಹೆಚ್ಚು ಬಿಡುವಿಲ್ಲದ ಇಳಿತ ಮಂಡಿಯನ್ನು ಮುರಿಯುತ್ತದೆ. ಕೊನೆಗೆ ಎದುರಾಗುವ ಶೀಲ್ ನದಿ ಮಳೆಯ ದಿನ ದಾಟಲಾಗದಂತೆ ಉಬ್ಬಿರುತ್ತದೆ. ನಿಮ್ಮ ದಾರಿ ಅದಲ್ಲ. ಮೊದಲು ವಾಯವ್ಯಕ್ಕೆ ಸ್ವಲ್ಪ, ಅನಂತರ ಉತ್ತರಕ್ಕೆ ಇಳಿಯುವ ಏಣು ನಿಮ್ಮದು.

ಸ್ಗೂರ್ ನನ್ ಸಾಯಡ್ ಮತ್ತು ಇಳಿತ

ಮುಂದಿನದು 929 ಮೀಟರಿನ ಸ್ಗೂರ್ ನನ್ ಸಾಯಡ್. ಎತ್ತರದಲ್ಲಿ ಆ ಮೂವರಿಗಿಂತ ಕಿರಿಯಳಾದರೂ ರೂಪದಲ್ಲಿ ಇವಳನ್ನು ಮೀರಿಸುವವರಿಲ್ಲ ಎಂಬುದು ನನ್ನ ಅಭಿಪ್ರಾಯ. ಪೂರ್ವದ ಮುಖ ಹಾಸುಬಂಡೆಗಳಾಗಿ ಕಡಿದು ಬಿದ್ದಿದೆ. ಬಲಗಡೆಯ ಅಂಚಿನಿಂದ ಎರಡು ಹೆಜ್ಜೆ ಒಳಗೇ ಇರಿ. ಮುಂದೆ ಕಿರಿದಾದ ಏಣು ಬೇನ್ ವೂಯ ಎಂಬ ಉಪಶಿಖರಕ್ಕೆ ಹೋಗಿ, ಅಲ್ಲಿಂದ ಕೊನೆಯ ತಗ್ಗಿಗೆ ಕಡಿದಾಗಿ ಇಳಿಯುತ್ತದೆ. ಸಡಿಲ ಕಲ್ಲುಗಳಿವೆ, ಗುಂಪಿನವರು ಒಬ್ಬರ ನೇರಕ್ಕೆ ಒಬ್ಬರು ಇಳಿಯಬೇಡಿ.

ಐದನೆಯವಳು ಸ್ಗೂರ್ ನ ಮೋರಿಖ್ (876 ಮೀ.). ತಗ್ಗು ತಲುಪಿದಾಗ ಸಂಜೆ ನಾಲ್ಕೂವರೆಯೊಳಗಿದ್ದು ಕಾಲಲ್ಲಿ ಕಸುವಿದ್ದರೆ ಹತ್ತಿ, ಕಡಲಿಗೆ ಅತಿ ಹತ್ತಿರದ ನೋಟ ಸಿಗುತ್ತದೆ. ಹೆಚ್ಚಿನವರು ಇದನ್ನು ಬಿಟ್ಟು ತಗ್ಗಿನಿಂದಲೇ ಪಶ್ಚಿಮಕ್ಕೆ ಇಳಿಯುತ್ತಾರೆ. ಅದರಲ್ಲಿ ಕೊರತೆಯೇನಿಲ್ಲ. ಆಲ್ಟ್ ಅ ಖ್ರೂಯಿನ್ ತೊರೆಯನ್ನು ಹಿಡಿದು ಇಳಿಯುವ ಜಾಡು ಮೇಲೆ ಮಸುಕು, ಕೆಳಗೆ ಸ್ಪಷ್ಟ. ತೊರೆಯ ಕಮರಿ ಆಳವಾಗುತ್ತ ಹೋಗುವುದರಿಂದ ಜಾಡು ಬಿಟ್ಟು ನೀರಿನತ್ತ ಇಳಿಯಬೇಡಿ. ಕೊನೆಯ ಭಾಗದಲ್ಲಿ ಎದೆಮಟ್ಟದ ಜರೀಗಿಡಗಳು. ಅವನ್ನು ದಾಟಿದರೆ ಹಳ್ಳಿಯ ಮನೆಗಳು, ರಸ್ತೆ, ಉಪ್ಪುನೀರಿನ ದಂಡೆ.

ಇಳಿದ ಮೇಲೆ

ಮೊದಲು, ನಿಮ್ಮ ಯೋಜನೆಯ ಚೀಟಿ ಯಾರ ಬಳಿ ಇದೆಯೋ ಅವರಿಗೆ ಫೋನ್ ಮಾಡಿ. ಮರೆತರೆ ಸ್ವಯಂಸೇವಕರು ರಾತ್ರಿಯೆಲ್ಲ ಖಾಲಿ ಬೆಟ್ಟದಲ್ಲಿ ನಿಮ್ಮನ್ನು ಹುಡುಕುತ್ತಾರೆ.

ಆಮೇಲೆ ಸ್ನಾನಕ್ಕೆ ಮೊದಲು ಮೈಯೆಲ್ಲ ಪರೀಕ್ಷಿಸಿಕೊಳ್ಳಿ. ಮಲೆನಾಡಿನವರಿಗೆ ಉಣುಗು ಹೊಸದಲ್ಲ. ಮಂಗನ ಕಾಯಿಲೆ ಹರಡುವುದೂ ಅದರಿಂದಲೇ. ಇಲ್ಲಿನ ಉಣುಗು ಹರಡುವುದು ಲೈಮ್ ಕಾಯಿಲೆಯನ್ನು. ಜಿಂಕೆಗಳು ಓಡಾಡುವ ಹುಲ್ಲು, ಜರೀಗಿಡಗಳಿಂದ ಅದು ಮೈಗೆ ಹತ್ತುತ್ತದೆ. ಮಂಡಿಯ ಹಿಂಭಾಗ, ತೊಡೆಯ ಸಂದು, ಕಂಕುಳು, ಸೊಂಟದ ಪಟ್ಟಿಯ ಕೆಳಗೆ ನೋಡಿ. ಕಚ್ಚಿಕೊಂಡಿದ್ದರೆ ಎಣ್ಣೆ ಹಚ್ಚುವುದು, ಬೆಂಕಿ ತಗುಲಿಸುವುದು ಬೇಡ. ಔಷಧದ ಅಂಗಡಿಯಲ್ಲಿ ಸಿಗುವ ಉಣುಗಿನ ಕೊಕ್ಕೆಯಿಂದಲೋ ಸಣ್ಣ ಮೊನೆಯ ಚಿಮಟದಿಂದಲೋ ಚರ್ಮಕ್ಕೆ ತಾಗಿದಂತೆ ಹಿಡಿದು, ಹೊಟ್ಟೆ ಹಿಸುಕದೆ ತೆಗೆಯಿರಿ, ಆ ಜಾಗವನ್ನು ತೊಳೆಯಿರಿ. ಮುಂದಿನ ಕೆಲವು ವಾರಗಳಲ್ಲಿ ಅಲ್ಲಿ ದುಂಡಗೆ ಹರಡುವ ಕೆಂಪು ಗುರುತು ಕಂಡರೆ, ಅಥವಾ ಕಾರಣವಿಲ್ಲದ ಜ್ವರ, ಮೈಕೈ ನೋವು ಬಂದರೆ, ಸ್ಕಾಟ್ಲೆಂಡಿನ ಬೆಟ್ಟದಲ್ಲಿ ನಡೆದದ್ದನ್ನು ವೈದ್ಯರಿಗೆ ಮರೆಯದೆ ಹೇಳಿ. ರಜೆ ಮುಗಿಸಿ ಊರಿಗೆ ಮರಳಿದವರು ಇದನ್ನು ವಿಶೇಷವಾಗಿ ನೆನಪಿಡಬೇಕು, ಏಕೆಂದರೆ ಅಲ್ಲಿನ ವೈದ್ಯರಿಗೆ ಈ ಕಾಯಿಲೆಯ ಅನುಮಾನ ತಾನಾಗಿಯೇ ಬರುವುದು ಕಷ್ಟ.